‘ಇಂದ’ದ ಕಡೆಯಿಂದ ಬನ್ನಿ

ನಮಸ್ಕಾರ ಟೀಚರೇ,

ಇಂಗ್ಲಿಷ್ ಪ್ರಿಪೊಸಿಷನ್‌ಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ತಪ್ಪಿದೆ ಅಂತಲ್ಲ. ಇನ್, ಆನ್, ಆ್ಯಟ್ ಪಟ್ಟಿ ಯಾವ ಗೈಡ್‌ನಲ್ಲೂ ಸಿಗುತ್ತದೆ. ಉದಾಹರಣೆಗಳೂ ಲಂಡನ್ನಿನವು. ಕಾಸರಗೋಡಿನ ಬದಿಯಡ್ಕದ ಮಕ್ಕಳಿಗೆ ಪಾಠ ಮಾಡುವ ನೀವು ಅಷ್ಟು ದೂರ ಯಾಕೆ ಹೋದಿರಿ?

ನಾಲ್ಕನೇ ಪುಟದಲ್ಲಿ ಒಂದು ಮಾತು ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ: ‘ಮಕ್ಕಳು ಸಿನ್ಸ್ ಟೂ ಇಯರ್ಸ್ ಅಂತಲೇ ಬರೆಯುತ್ತಾರೆ.’ ಲೇಖನ ಇರುವುದೇ ಅಲ್ಲಿ! ನಮಗೆ ‘ಎರಡು ವರ್ಷದಿಂದ’ಕ್ಕೂ ‘1984ರಿಂದ’ಕ್ಕೂ ಒಂದೇ ‘ಇಂದ’ ಸಾಕು. ಇಂಗ್ಲಿಷಿಗೆ ಸಾಲದು. ಎಷ್ಟು ಕಾಲ ಅನ್ನುವುದಕ್ಕೆ ಫಾರ್, ಯಾವಾಗಿನಿಂದ ಅನ್ನುವುದಕ್ಕೆ ಸಿನ್ಸ್. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು, ಈಗಲೂ ಅಲ್ಲೇ ಇದೆ. ಹಾಗಾಗಿ ಸಿನ್ಸ್ 1956. ಕಣ್ಣೂರು ಜಿಲ್ಲೆಯೊಳಗೆ ಇದ್ದದ್ದು 1957ರಿಂದ 1984ರವರೆಗೆ. ಅದು ಮುಗಿದ ಕತೆ, ಅಲ್ಲಿ ಫ್ರಮ್ ಬೇಕು, ಟು ಬೇಕು. ನಾನೂ ಮೊದಲ ಕೆಲಸದ ಅರ್ಜಿಯಲ್ಲಿ ‘ಸಿನ್ಸ್ ಫೈವ್ ಇಯರ್ಸ್’ ಬರೆದವನೇ. ಅದರ ಕೆಳಗೆ ಕೆಂಪು ಗೆರೆ ಬಿದ್ದು ವಾಪಸ್ ಬಂದಿತ್ತು.

‘ಇಂದ’ದ ಆಟ ಇಷ್ಟಕ್ಕೇ ಮುಗಿಯುವುದಿಲ್ಲ. ಕತ್ತಿಯಿಂದ ಕಡಿದ ಬಾಳೆಗೊನೆಗೆ ವಿದ್. ಕಾಡುಹಂದಿಯಿಂದ ಹಾಳಾದ ತೋಟಕ್ಕೆ ಬೈ. ಕತ್ತಿ ತಾನಾಗಿ ಕಡಿಯುವುದಿಲ್ಲ, ಹಂದಿಗೆ ಯಾರ ಕೈಯೂ ಬೇಡ, ಅಲ್ವಾ? ಮೇಡ್ ಆಫ್, ಮೇಡ್ ಫ್ರಮ್ ಹೇಳಿಕೊಡಲು ಕ್ಲಾಸಿಗೆ ಒಂದು ಮುಟ್ಟಾಳೆ ತೆಗೆದುಕೊಂಡು ಹೋಗಿ. ಅದು ಅಡಿಕೆ ಹಾಳೆಯಿಂದ ಮಾಡಿದ್ದು. ಟೊಪ್ಪಿಯಾದ ಮೇಲೂ ಹಾಳೆ ಹಾಳೆಯೇ, ನರಗಳು ಬೆರಳಿಗೆ ಸಿಗುತ್ತವೆ. ಅದಕ್ಕೆ ಆಫ್. ತೆಂಗಿನೆಣ್ಣೆಯೂ ಕೊಬ್ಬರಿಯಿಂದಲೇ ಬಂದದ್ದು. ಬಾಟ್ಲಿಯಲ್ಲಿ ಕೊಬ್ಬರಿ ಕಾಣುತ್ತದೆಯೇ? ಅದಕ್ಕೆ ಫ್ರಮ್. ಇಂಗ್ಲಿಷರೇ ಇದನ್ನು ಯಾವಾಗಲೂ ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲ, ಅದನ್ನೂ ಒಂದು ಸಾಲಿನಲ್ಲಿ ಹೇಳಿಬಿಡಿ.

ಆನ್, ಅಬೌಟ್ ಭಾಗ ಚೆನ್ನಾಗಿದೆ, ಉಳಿಸಿ. ಉದಾಹರಣೆ ಮಾತ್ರ ಬದಲಿಸಿ. ಮಂಜೇಶ್ವರದ ಗೋವಿಂದ ಪೈಗಳ ಕಾವ್ಯದ ಬಗ್ಗೆ ವಿದ್ವಾಂಸರ ಉಪನ್ಯಾಸವಾದರೆ ಆನ್. ಬಸ್ಸಿಗೆ ಕಾಯುತ್ತಾ ನಾವು ಅವರ ಬಗ್ಗೆ ಮಾತಾಡಿದರೆ ಅಬೌಟ್.

ಇನ್, ಆನ್, ಆ್ಯಟ್ ಮೂರಕ್ಕೂ ನಮಗೆ ಒಂದೇ ‘ಅಲ್ಲಿ’ ಇರುವ ಗೊಂದಲ ಇನ್ನೊಂದು ಲೇಖನಕ್ಕೆ ಇರಲಿ, ಎರಡನ್ನೂ ತುರುಕಿದರೆ ಜಾಸ್ತಿಯಾಗುತ್ತದೆ. ಮೂರು ಪುಟ ಸಾಕು. ಮಕ್ಕಳ ನೋಟ್‌ಪುಸ್ತಕದಿಂದ ನಾಲ್ಕೈದು ತಪ್ಪು ವಾಕ್ಯ ಇದ್ದ ಹಾಗೆಯೇ ಇಳಿಸಿ. ಮಕ್ಕಳ ಹೆಸರು ಬೇಡ.

ಇತಿ,
ಸಂಪಾದಕ