ತಾಟೆಗೆ ಹೆದರಬೇಕೋ, ಉಣುಗಿಗೋ?

ಪ್ರಶ್ನೆ: ಶಾರ್ಕ್ ಸಿನಿಮಾ ನೋಡಿದ ಮೇಲೆ ಮಗ ಸಮುದ್ರಕ್ಕೆ ಕಾಲಿಡಲು ಒಪ್ಪುತ್ತಿಲ್ಲ. ನನಗೋ ತೋಟದ ಉಣುಗಿನದೇ ಭಯ. ಇವೆರಡರಲ್ಲಿ ಯಾವುದು ಜಾಸ್ತಿ ಅಪಾಯ?
– ಓದುಗರೊಬ್ಬರು, ಸಾಗರ

ಉತ್ತರ: ನಿಮ್ಮ ಭಯವೇ ಸರಿ. ನನ್ನ ತವರು ಸೊರಬದ ಕಡೆ, ಕೊಟ್ಟದ್ದು ಮಲ್ಪೆಗೆ. ಎರಡರ ಪರಿಚಯವೂ ಇದೆ.

ನಮ್ಮಲ್ಲಿ ಶಾರ್ಕ್‌ಗೆ ತಾಟೆ ಅನ್ನುತ್ತೇವೆ. ಬುಟ್ಟಿಯಲ್ಲಿ ಬರುವುದು ಚಪ್ಪಟೆ ಮೂತಿಯ ಸಣ್ಣ ಜಾತಿ, ಸ್ಕೋಲಿಯೋಡಾನ್ ಲ್ಯಾಟಿಕಾಡಸ್. ಎಷ್ಟು ಬೆಳೆದರೂ ಮುಕ್ಕಾಲು ಮೀಟರ್ ಆಸುಪಾಸು. ಸಣ್ಣ ಮೀನು, ಸಿಗಡಿ ತಿಂದುಕೊಂಡಿರುತ್ತದೆ. ಮನುಷ್ಯರ ತಂಟೆಗೆ ಬರುವುದಿಲ್ಲ, ನಾವೇ ಅದರ ಸಾರು ಮಾಡುತ್ತೇವೆ! ಮದುವೆಯಾದ ಹೊಸತರಲ್ಲಿ ಅತ್ತೆ ಒಂದು ತಾಟೆ ಕೊಯ್ದರು. ಹೊಟ್ಟೆಯೊಳಗೆ ಬೆರಳುದ್ದದ ಮರಿಗಳು, ಒಂದೊಂದಕ್ಕೂ ಹೊಕ್ಕುಳಬಳ್ಳಿ. ಕೊಟ್ಟಿಗೆಯಲ್ಲಿ ಕರು ಹಾಕುವುದನ್ನು ನೋಡಿದವಳು ನಾನು, ಮೀನಿಗೂ ಹೀಗಾ ಅಂತ ಸುಮ್ನೆ ನಿಂತುಬಿಟ್ಟೆ. ಅವತ್ತು ಸಾರು ಗಂಟಲಲ್ಲಿ ಇಳಿಯಲಿಲ್ಲ.

ಉಣುಗಿನ ತಾಯ್ತನ ಬೇರೆ ಥರ. ಹೊಟ್ಟೆ ಬಿರಿಯುವಷ್ಟು ರಕ್ತ ಕುಡಿದು ಕೆಳಗೆ ಬೀಳುತ್ತದೆ, ದರಗಿನಲ್ಲಿ ರಾಶಿಗಟ್ಟಲೆ ಮೊಟ್ಟೆ ಇಟ್ಟು ಸಾಯುತ್ತದೆ. ಮರಿಗೆ ಆರೇ ಕಾಲು. ಒಮ್ಮೆ ರಕ್ತ ಕುಡಿದು ಪೊರೆ ಬಿಟ್ಟ ಮೇಲೆ ಎಂಟು, ಯಾಕೆಂದರೆ ಅದು ಜೇಡನ ನೆಂಟ. ಆ ನಡುಪ್ರಾಯದ್ದೇ ನಮಗೆ ಜಾಸ್ತಿ ಹತ್ತುವುದು. ಎಳ್ಳಿಗಿಂತ ಸಣ್ಣದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಅಣ್ಣ ದರಗು ಹೊತ್ತು ಬಂದ ದಿನ ಅಮ್ಮ ಟಾರ್ಚ್ ಹಿಡಿದು ಅವನ ಸೊಂಟ, ಕಂಕುಳು ಎಲ್ಲ ನೋಡದೆ ಒಳಗೆ ಬಿಡುತ್ತಿರಲಿಲ್ಲ. ಉಣುಗು ಕಚ್ಚಿ ಬರುವ, ಜೀವಕ್ಕೇ ಕುತ್ತಾಗಬಲ್ಲ ಜ್ವರ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲೇ ಅಲ್ವಾ! ಅದನ್ನು ಮುಖ್ಯವಾಗಿ ಹರಡುವ ಜಾತಿ ಹೀಮಾಫೈಸಾಲಿಸ್ ಸ್ಪಿನಿಜೆರಾ. 2019ರಲ್ಲಿ ನಿಮ್ಮ ತಾಲ್ಲೂಕಿನ ಅರಳಗೋಡು ಪಟ್ಟ ಪಾಡು ನಿಮಗೇ ಗೊತ್ತು.

ಬೇಟೆ ಹುಡುಕುವುದರಲ್ಲಿ ಮಾತ್ರ ಎರಡೂ ಜಾಣ. ತಾಟೆ ಮೂತಿಯ ತೂತುಗಳಿಂದ ಮೀನಿನ ಮೈಯ ಸಣ್ಣ ವಿದ್ಯುತ್ತನ್ನೂ ಹಿಡಿಯುತ್ತದೆ. ಉಣುಗು ಮುಂಗಾಲು ಚಾಚಿ ನಮ್ಮ ಉಸಿರಿನ ವಾಸನೆ ಹಿಡಿಯುತ್ತದೆ.

ಡಿಸೆಂಬರ್‌ನಿಂದ ಮೇ ತನಕ ಕಾಡಿಗೆ ಹೋಗುವಾಗ ತುಂಬುತೋಳು ಹಾಕಿ, ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಹಚ್ಚಿ. ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗಬೇಡಿ, ಆಸ್ಪತ್ರೆಗೆ ತಿಳಿಸಿ.

ಮಗನನ್ನು ಒಂದು ಬೆಳಗ್ಗೆ ಮಲ್ಪೆ ಬಂದರಿಗೆ ಕರೆತನ್ನಿ. ತಾಟೆಯ ಮೈಯನ್ನು ಬಾಲದಿಂದ ತಲೆ ಕಡೆಗೆ ಸವರಲಿ, ಥೇಟ್ ಸ್ಯಾಂಡ್‌ಪೇಪರ್. ಜೂನ್, ಜುಲೈನಲ್ಲಿ ಮಾತ್ರ ಬರಬೇಡಿ, ಟ್ರಾಲ್ ಬೋಟುಗಳಿಗೆ ಆಗ ರಜೆ.