ಹುಟ್ಟು ಹಿಡಿದ ಕೈಗೆ ಕಡತ ಕೊಡಬಾರದೇ?

ಪತ್ರ: ‘ಕಳೆದ ಸಂಚಿಕೆಯಲ್ಲಿ ಬ್ರಿಟನ್ನಿನ ದೋಣಿಪಟು ಕ್ಯಾಥರೀನ್ ಗ್ರೇಂಜರ್ ಅವರನ್ನು ಹಾಡಿ ಹೊಗಳಿದ್ದೀರಿ. ದೋಣಿ ಸ್ಪರ್ಧೆ ಗೆದ್ದವರಿಗೆ ಸರ್ಕಾರದ ದುಡ್ಡು ಹಂಚುವುದು ಹೇಗೆ ಗೊತ್ತಿರುತ್ತದೆ? ನಮ್ಮ ಶರಾವತಿಯಲ್ಲೂ ಹುಟ್ಟು ಹಾಕುವವರಿದ್ದಾರೆ. ಅವರನ್ನೂ ಅಧ್ಯಕ್ಷರನ್ನಾಗಿ ಮಾಡೋಣವೇ?’ – ಓದುಗರೊಬ್ಬರು, ಹೊನ್ನಾವರ

ಉತ್ತರ: ಕೊನೆಯ ಸಾಲಿಗೆ ನಕ್ಕೆವು. ಆಮೇಲೆ, ಮಾಡಿದರೆ ತಪ್ಪೇನು ಅನ್ನಿಸಿತು. ಪದಕವೊಂದೇ ಅರ್ಹತೆಯಲ್ಲ ಎಂಬ ನಿಮ್ಮ ಮಾತು ಸರಿಯೇ. ಫಿಲಡೆಲ್ಫಿಯಾದ ಗಾರೆ ಕೆಲಸಗಾರ ಜಾನ್ ಕೆಲ್ಲಿ 1920ರ ಒಲಿಂಪಿಕ್ಸ್‌ನಲ್ಲಿ ಒಂಟಿ ದೋಣಿಯ ಚಿನ್ನ ಗೆದ್ದು, ಅದೇ ದಿನ ಜೋಡಿ ದೋಣಿಯದ್ದನ್ನೂ ಗೆದ್ದ. 1935ರಲ್ಲಿ ಮೇಯರ್ ಚುನಾವಣೆಗೆ ನಿಂತಾಗ ಅದೇ ಊರಿನ ಮತದಾರರು ಸೋಲಿಸಿದರು. ಇಷ್ಟು ನಿಮ್ಮ ಪಾಲಿಗೆ.

ಆದರೆ ಗ್ರೇಂಜರ್ ಬರೀ ಪದಕ ತೋರಿಸಿ ಕುರ್ಚಿ ಹಿಡಿದವರಲ್ಲ. 2000, 2004, 2008ರ ಒಲಿಂಪಿಕ್ಸ್‌ಗಳಲ್ಲಿ ಸಾಲಾಗಿ ಬೆಳ್ಳಿ, 2012ರಲ್ಲಿ ಆನಾ ವಾಟ್‌ಕಿನ್ಸ್ ಜತೆ ಚಿನ್ನ, 2016ರಲ್ಲಿ ಮತ್ತೆ ಬೆಳ್ಳಿ. ನಡುವೆ ಕಾನೂನು ಓದಿ, ಕೊಲೆ ಅಪರಾಧದ ಶಿಕ್ಷೆಯ ಬಗ್ಗೆ ಲಂಡನ್ನಿನ ಕಿಂಗ್ಸ್ ಕಾಲೇಜಿನಿಂದ ಡಾಕ್ಟರೇಟ್. ಅಲ್ಲಿನ ಕ್ರೀಡೆಗಳಿಗೆ ಸರ್ಕಾರದ ಹಣ ಹಂಚುವ ಸಂಸ್ಥೆ ಯುಕೆ ಸ್ಪೋರ್ಟ್‌ಗೆ ಅಧ್ಯಕ್ಷೆಯಾದದ್ದು 2017ರಲ್ಲಿ.

ಹುಟ್ಟು ಹಾಕುವುದನ್ನು ತೋಳ್ಬಲವೆಂದು ತಿಳಿದವರೇ ಹೆಚ್ಚು. ಜೋಡಿ ದೋಣಿಯ ತೂಕ ಕನಿಷ್ಠ 27 ಕೆ.ಜಿ., ದೂರ 2000 ಮೀಟರ್. ಹುಟ್ಟಿನ ಅಲಗು ನೀರಿಗಿಳಿದೊಡನೆ ಮೊದಲು ಕಾಲು ಒದೆಯಬೇಕು, ಆಮೇಲೆ ಬೆನ್ನು, ಕಡೆಗೆ ತೋಳು. ಅಲಗು ಓರೆಯಾಗಿ ಇಳಿಯಿತೋ, ನೀರು ಅದನ್ನು ಕಚ್ಚಿ ಹಿಡಿಯುತ್ತದೆ, ಹುಟ್ಟಿನ ಹಿಡಿ ಬಂದು ಹೊಟ್ಟೆಗೆ ಗುದ್ದುತ್ತದೆ. ಹೊಸಬರಿಗೆ ಕಾಣದ ತಪ್ಪು ಇನ್ನೊಂದಿದೆ. ಎಳೆತ ಮುಗಿಸಿ ಮುಂದಿನದಕ್ಕೆ ಜಾರುಪೀಠದಲ್ಲಿ ಅವಸರದಿಂದ ಸರಿದರೆ, ಮೈಭಾರವೆಲ್ಲ ಕಾಲ್ಮಣೆಗೆ ಬಡಿದು ಓಡುತ್ತಿದ್ದ ದೋಣಿಗೆ ತಡೆಯೊಡ್ಡುತ್ತದೆ. ಎಷ್ಟು ದುಡಿದರೂ ವೇಗ ಏರುವುದಿಲ್ಲ, ಕಾರಣ ದಡದಲ್ಲಿ ನಿಂತವರಿಗೆ ತಿಳಿಯುವುದಿಲ್ಲ.

ಅನುದಾನದಲ್ಲೂ ಇಂಥ ಸೂಕ್ಷ್ಮವಿದೆ. ಬ್ರಿಟನ್ನಿನಲ್ಲಿ ಲಾಟರಿ ಮತ್ತು ಖಜಾನೆಯ ಹಣ ನಾಲ್ಕು ವರ್ಷದ ಲೆಕ್ಕದಲ್ಲಿ ಹೋಗುತ್ತದೆ. ನಾಲ್ಕು ವರ್ಷದೊಳಗೆ ಪದಕ ತರಬಲ್ಲವರಿಗೆ ಒಂದು ಪಟ್ಟಿ, ಎಂಟು ವರ್ಷದೊಳಗೆ ತರಬಲ್ಲವರಿಗೆ ಇನ್ನೊಂದು. ಹಣ ನಿಂತರೆ ಮೊದಲು ಹೋಗುವವರು ತರಬೇತುದಾರರು. ಅವರು ಬೇರೆ ದೇಶಕ್ಕೆ ಹೋದಮೇಲೆ ಮುಂದಿನ ವರ್ಷ ಹಣ ಕೊಟ್ಟರೆ ಏನು ಬಂತು? ಬ್ಯಾಡ್ಮಿಂಟನ್ನಿಗೆ ರಿಯೋದಲ್ಲಿ ಕಂಚು ಬಂದಿತ್ತು, ಆದರೂ 2016ರ ಡಿಸೆಂಬರಿನಲ್ಲಿ ಅನುದಾನ ಕತ್ತರಿಸಿದರು. ಗ್ರೇಂಜರ್ ಬಂದದ್ದು ಅದಾದ ಮೇಲೆ. ಪ್ಯಾರಿಸ್‌ ಕೂಟದ ಹಣವನ್ನು 2020ರಲ್ಲಿ ಹಂಚುವಾಗ ಪಟ್ಟಿ ಹಿಗ್ಗಿ 43 ಕ್ರೀಡೆಗಳಿಗೆ ತಲುಪಿತು. ಜಿಮ್ನಾಸ್ಟಿಕ್ಸ್‌ನಲ್ಲಿ ಕಿರುಕುಳದ ದೂರುಗಳೆದ್ದಾಗ ಸ್ವತಂತ್ರ ತನಿಖೆ ಮಾಡಿಸಿದ ಎರಡು ಸಂಸ್ಥೆಗಳಲ್ಲಿ ಅವರದ್ದೂ ಒಂದು. ವರದಿ 2022ರಲ್ಲಿ ಹೊರಬಂತು.

ಅಮೆರಿಕದ ಅನಿತಾ ಡಿಫ್ರಾಂಟ್ಸ್ ಕೂಡ ಇದೇ ಬಗೆಯವರು. 1976ರಲ್ಲಿ ಎಂಟು ಜನರ ದೋಣಿಯಲ್ಲಿ ಕಂಚು, ಕೈಯಲ್ಲಿ ವಕೀಲಿಕೆ. 1980ರ ಮಾಸ್ಕೊ ಬಹಿಷ್ಕಾರದ ವಿರುದ್ಧ ತಮ್ಮ ದೇಶದ ಒಲಿಂಪಿಕ್ ಸಮಿತಿಯನ್ನೇ ಕೋರ್ಟಿಗೆಳೆದು ಸೋತರು. ಆರೇ ವರ್ಷದಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯೆ, 1997ರಲ್ಲಿ ಅದರ ಮೊದಲ ಮಹಿಳಾ ಉಪಾಧ್ಯಕ್ಷೆ.

ನಮ್ಮಲ್ಲೇನು? ಕ್ರೀಡಾ ಕೋಟಾದಲ್ಲಿ ಕೆಲಸ ಕೊಟ್ಟು, ಹಾರ ಹಾಕಿ, ಫೋಟೊ ತೆಗೆಸಿ ಮುಗಿಸುತ್ತೇವೆ. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ, ಒಕ್ಕೂಟದ ಹದಿನೈದು ಜನ ಮೀರದ ಕಾರ್ಯಕಾರಿಣಿಯಲ್ಲಿ ಸಾಧಕ ಕ್ರೀಡಾಪಟುಗಳು ಕನಿಷ್ಠ ಇಬ್ಬರಿರಲಿ ಎನ್ನುತ್ತದೆ. ಒಳ್ಳೆಯದೇ. ಆದರೆ ಆ ಇಬ್ಬರಿಗೆ ಆಡಿಟ್ ವರದಿ ಓದುವುದು, ಟೆಂಡರ್ ದಾಖಲೆ ತಪಾಸಣೆ ಮಾಡುವುದು ಹೇಳಿಕೊಡುವವರು ಯಾರು? ಕಲಿಸದಿದ್ದರೆ ಪಳಗಿದ ಕಾರ್ಯದರ್ಶಿಯ ಪಕ್ಕ ಕೂತು ಸಹಿ ಹಾಕುವುದಷ್ಟೇ ಅವರ ಪಾಲಿಗೆ ಉಳಿಯುತ್ತದೆ. ಆಮೇಲೆ ‘ಆಟಗಾರರಿಗೆ ಆಡಳಿತ ಬರುವುದಿಲ್ಲ’ ಎಂದು ನಿಮ್ಮಂಥವರೇ ಪತ್ರ ಬರೆಯುತ್ತೀರಿ! ಹೊಸ ಸದಸ್ಯರನ್ನು ಮೊದಲ ವರ್ಷವೇ ಹಣಕಾಸು ಉಪಸಮಿತಿಗೆ ಹಾಕಿ, ಹಿಂದಿನ ಮೂರು ವರ್ಷದ ಲೆಕ್ಕಪತ್ರ ಕೈಗೆ ಕೊಟ್ಟು, ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೇಳಲು ಬಿಡಲಿ. ನಿಮ್ಮ ಶರಾವತಿಯವರಿಗೂ ಇದೇ ನಿಯಮ.
– ಸಂ.