ಬೆಂಗಳೂರಿಂದ ಟೋಕಿಯೋಗೆ ಫ್ಲೈಟಲ್ಲಿ ಎಷ್ಟು ದೂರ? ಟಿಕೆಟ್ ಪ್ರಕಾರ ಹೋಗೋಕೆ ಹನ್ನೊಂದೂವರೆ ಗಂಟೆ, ಬರೋಕೆ ಆರೂವರೆ ಗಂಟೆ ಬರ್ತಿದೆ, ಹೆಂಗೆ?
ಟಿಕೆಟ್ ಸರಿಯಾಗೇ ಇದೆ ಗುರು, ನೀವು ಕಳೆದಿರೋ ಲೆಕ್ಕ ತಪ್ಪು. ಬೆಂಗಳೂರಿಂದ ಟೋಕಿಯೋದ ನರಿತಾ ಏರ್‌ಪೋರ್ಟಿಗೆ ಹತ್ತಿರದ ದಾರಿ ಹಿಡಿದ್ರೆ ಸುಮಾರು 6,700 ಕಿ.ಮೀ. ಡೈರೆಕ್ಟ್ ಫ್ಲೈಟಲ್ಲಿ ಹೋಗೋಕೆ ಎಂಟು ಗಂಟೆ ಆಸುಪಾಸು, ಬರೋಕೆ ಒಂಬತ್ತೂವರೆಯಿಂದ ಹತ್ತು. ಅಂದ್ರೆ ನೀವು ಅಂದ್ಕೊಂಡಿದ್ದಕ್ಕೆ ಪೂರ್ತಿ ಉಲ್ಟಾ, ಬರೋದೇ ಜಾಸ್ತಿ ಹೊತ್ತು.

ಎಡವಟ್ಟಾಗೋದು ಗಡಿಯಾರದಿಂದ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ, ಟಿಕೆಟಲ್ಲಿ ಹೊರಡೋ ಟೈಮು ಹೊರಡೋ ಊರಿಂದು, ಇಳಿಯೋ ಟೈಮು ಇಳಿಯೋ ಊರಿಂದು. ರಾತ್ರಿ 2ಕ್ಕೆ ದೇವನಹಳ್ಳಿ ಬಿಟ್ರಿ ಅನ್ಕೊಳ್ಳಿ, ಎಂಟು ಗಂಟೆ ಹಾರಿ ಇಳಿದಾಗ ನಮ್ಮಲ್ಲಿ ಬೆಳಗ್ಗೆ 10, ಅಲ್ಲಿ ಮಧ್ಯಾಹ್ನ ಒಂದೂವರೆ. ವಾಪಸ್ ಸಂಜೆ 6ಕ್ಕೆ ಹೊರಟ್ರೆ ಹತ್ತು ಗಂಟೆ ಆದ್ಮೇಲೆ ಅಲ್ಲಿ ಬೆಳಗಿನ ಜಾವ 4, ಬೆಂಗಳೂರಲ್ಲಿ ಇನ್ನೂ ರಾತ್ರಿ ಹನ್ನೆರಡೂವರೆ. ಇದನ್ನ ನಿಮಗೆ ಹೇಳ್ತಿರೋ ನಾನೇ ಮೊದಲ ಸಲ ಆರಕ್ಕೆ ಹತ್ತು ಕೂಡಿಸಿ ತಮ್ಮನಿಗೆ "ನಾಲ್ಕಕ್ಕೆ ಬಾರೋ" ಅಂತ ಹೇಳಿಬಿಟ್ಟಿದ್ದೆ, ಇಳಿದು ನೋಡಿದ್ರೆ ಹನ್ನೆರಡೂವರೆ, ಅವನು ಫೋನ್ ಸೈಲೆಂಟಲ್ಲಿ ಹಾಕಿ ಮಲಗಿದಾನೆ, ಕ್ಯಾಬ್ ದುಡ್ಡು ಉಳಿಸೋ ಆಸೆಗೆ ಸೂಟ್‌ಕೇಸ್ ಮೇಲೆ ಕಾಲು ಹಾಕ್ಕೊಂಡು ಮೂರು ಕಾಫಿ ಕುಡಿದೆ.

ಇನ್ನು ಬರೋಕೆ ಯಾಕೆ ಜಾಸ್ತಿ ಹೊತ್ತು ಅಂದ್ರೆ, ಗಾಳಿ. ಭೂಮಿ ತಿರುಗೋದ್ರಿಂದ ಅಂತ ಕೆಲವ್ರು ಹೇಳ್ತಾರೆ, ನಂಬಬೇಡಿ, ಭೂಮಿ ಜೊತೆ ಅದರ ಮೇಲಿನ ಗಾಳಿನೂ ತಿರುಗುತ್ತೆ. ವಿಮಾನ ಹಾರೋ ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆ ತರ ಹರಿಯೋ ಗಾಳಿ ಇದೆ, ಜೆಟ್ ಸ್ಟ್ರೀಮ್ ಅಂತಾರೆ, ಚಳಿಗಾಲದಲ್ಲಿ ಜಪಾನ್ ಮೇಲೆ ಅದರ ಆರ್ಭಟ ಜೋರು, ಕೆಲವೊಮ್ಮೆ ಗಂಟೆಗೆ 300 ಕಿ.ಮೀ. ದಾಟುತ್ತೆ. ನಾನು ಹೋಗುವಾಗ ಸೀಟ್ ಮುಂದಿನ ಸ್ಕ್ರೀನಲ್ಲಿ ವೇಗ 1,080 ತೋರಿಸ್ತಿತ್ತು, ಜನವರಿಯಲ್ಲಿ ವಾಪಸ್ ಬರುವಾಗ ಜಪಾನ್ ದಾಟೋವರೆಗೂ 720 ಆಚೆಈಚೆ ತೆವಳ್ತಾ ಇತ್ತು, ಎದುರುಗಾಳಿಗೆ ಸೈಕಲ್ ತುಳಿದಂಗೆ.

ಮಜಾ ಏನಂದ್ರೆ ಈ ಗಾಳಿನ ಬಲೂನ್ ಬಿಟ್ಟು ಮೊದಲೇ ಅಳೆದಿದ್ದು ಜಪಾನಿನವರೇ, ವಸಬುರೊ ಓಇಶಿ ಅಂತ ಹವಾಮಾನ ವಿಜ್ಞಾನಿ, 1920ರ ದಶಕದಲ್ಲಿ. ಜಗತ್ತೆಲ್ಲ ಓದ್ಲಿ ಅಂತ 1926ರಲ್ಲಿ ಎಸ್ಪೆರಾಂಟೊ ಅನ್ನೋ, ಎಲ್ಲ ದೇಶದವರಿಗೂ ಆಗ್ಲಿ ಅಂತ ಕಟ್ಟಿದ ಭಾಷೆಲಿ ವರದಿ ಬರೆದ್ರು ಪಾಪ, ಹೊರಗಡೆ ಹೆಚ್ಚಿಗೆ ಯಾರ ಗಮನಕ್ಕೂ ಬರ್ಲಿಲ್ಲ, ಆಮೇಲೆ 1944ರಲ್ಲಿ ಟೋಕಿಯೋ ಮೇಲೆ ಬಾಂಬ್ ಹಾಕೋಕೆ ಬಂದ ಅಮೆರಿಕದ ಬಿ-29 ವಿಮಾನಗಳು ಅದೇ ಗಾಳಿಗೆ ಸಿಕ್ಕಿ ಗುರಿ ತಪ್ಪಿದ್ವು.

ಸಿಂಗಾಪುರ ಮೇಲೆ ಹೋಗೋ ಟಿಕೆಟ್ ಅಗ್ಗಕ್ಕೆ ಸಿಕ್ಕಿದ್ರೂ ದೂರ ನೋಡ್ಕೊಳ್ಳಿ, ಸಿಂಗಾಪುರಕ್ಕೆ ಸುಮಾರು 3,180, ಅಲ್ಲಿಂದ ನರಿತಾಗೆ 5,350, ಒಟ್ಟು 8,500 ಚಿಲ್ಲರೆ, ಅದರ ಮೇಲೆ ಕಾಯೋದು ಬೇರೆ. ಇನ್ನೊಂದು, ನರಿತಾ ಅನ್ನೋದು ಊರಿಂದ 60 ಕಿ.ಮೀ. ಆಚೆ, ಅಲ್ಲಿಂದ ಸ್ಕೈಲೈನರ್ ರೈಲಲ್ಲಿ ಟೋಕಿಯೋ ಒಳಗಿನ ಉಎನೋ ಸ್ಟೇಷನ್ನಿಗೆ ಮುಕ್ಕಾಲು ಗಂಟೆ. ಟೋಕಿಯೋದ ಇನ್ನೊಂದು ಏರ್‌ಪೋರ್ಟ್ ಹನೆಡಾ ಆದ್ರೆ ಊರೊಳಗೇ ಇಳಿದಂಗೆ, ಟಿಕೆಟಲ್ಲಿ ಯಾವ್ದು ಅಂತ ನೋಡಿ ಬುಕ್ ಮಾಡಿ.